ಒಬ್ಬ ಆಟಗಾರ, ಒಂಬತ್ತು ಕ್ಲಬ್: ಜರ್ಮನಿ ಮತ್ತು ಆಸ್ಟ್ರಿಯಾದ ಫುಟ್‌ಬಾಲ್ ವೃತ್ತಿಜೀವನವನ್ನು ಓದುವ ಬಗೆ

2025ರ ನವೆಂಬರ್ 18ರ ರಾತ್ರಿ ವಿಯೆನ್ನಾದ ಎರ್ನ್ಸ್ಟ್ ಹಾಪೆಲ್ ಕ್ರೀಡಾಂಗಣದಲ್ಲಿ ಆಸ್ಟ್ರಿಯಾಕ್ಕೆ ಬೇಕಿದ್ದುದು ಒಂದು ಡ್ರಾ. ಅಷ್ಟು ದಕ್ಕಿದರೆ 1998ರ ನಂತರ ಮೊದಲ ಬಾರಿಗೆ ವಿಶ್ವಕಪ್ ಆಡಬಹುದಿತ್ತು. ಆದರೆ ಆಟ ಬಿಸಿಯೇರುವ ಮೊದಲೇ ಬೋಸ್ನಿಯಾದ ಹಾರಿಸ್ ತಬಾಕೊವಿಚ್ ಗೋಲು ಹೊಡೆದರು. ತುಂಬಿದ ಕ್ರೀಡಾಂಗಣ ದ್ವಿತೀಯಾರ್ಧದ ಬಹುಭಾಗವನ್ನು ಉಸಿರು ಬಿಗಿಹಿಡಿದೇ ಕಳೆಯಿತು. ಕೊನೆಗೆ ಮಿಖಾಯೆಲ್ ಗ್ರೆಗೊರಿಚ್ ಸಮಬಲದ ಗೋಲು ಹೊಡೆದರು. 1–1. ಆಸ್ಟ್ರಿಯಾ ವಿಶ್ವಕಪ್‌ಗೆ ಅರ್ಹತೆ ಪಡೆಯಿತು.

ಎದುರಾಳಿಗಳಾಗಿ ನಿಂತಿದ್ದ ಈ ಇಬ್ಬರ ವೃತ್ತಿಜೀವನದ ಪಟ್ಟಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬೆರಗಾಗುತ್ತದೆ. ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿದ ತಬಾಕೊವಿಚ್ ಸ್ವಿಸ್ ಮತ್ತು ಹಂಗೆರಿಯ ಕ್ಲಬ್‌ಗಳನ್ನು ದಾಟಿ ಆಸ್ಟ್ರಿಯಾದ ಲುಸ್ಟೆನೌಗೆ ಬಂದರು. ಅಲ್ಲಿಂದ ‘ಆಸ್ಟ್ರಿಯಾ ವಿಯೆನ್ನಾ’ ಎಂಬ ಕ್ಲಬ್, ಆಮೇಲೆ ಜರ್ಮನಿಯ ಹೆರ್ಥಾ ಬರ್ಲಿನ್, ಹಾಫೆನ್‌ಹೈಮ್, ಮೊನ್ಶೆನ್‌ಗ್ಲಾಡ್‌ಬಾಖ್. ಗ್ರೆಗೊರಿಚ್ ಅವರ ಪಟ್ಟಿ ಇನ್ನೂ ಉದ್ದ. ಆಸ್ಟ್ರಿಯಾದ ಕಾಪ್‌ಫೆನ್‌ಬರ್ಗ್‌ನಿಂದ ಆರಂಭವಾಗಿ ಹಾಫೆನ್‌ಹೈಮ್, ಸೇಂಟ್ ಪೌಲಿ, ಬೋಖುಮ್, ಹ್ಯಾಂಬರ್ಗ್, ಆಗ್ಸ್‌ಬರ್ಗ್, ಶಾಲ್ಕೆ, ಫ್ರೈಬರ್ಗ್, ಮತ್ತೆ ಡೆನ್ಮಾರ್ಕ್‌ನ ಬ್ರೋಂಡ್ಬಿ. ಒಟ್ಟು ಒಂಬತ್ತು ಕ್ಲಬ್.

ಐಪಿಎಲ್ ನೋಡಿ ಬೆಳೆದ ಕಣ್ಣಿಗೆ ಇಂಥ ಪಟ್ಟಿ ಒಂದು ಒಗಟಿನಂತೆ ಕಾಣುತ್ತದೆ. ಇವರನ್ನು ಹರಾಜಿನಲ್ಲಿ ಕೊಂಡರೇ? ಹೊರಹಾಕಿದರೇ? ಹೆಸರಿನ ಮುಂದೆ ‘ಲೋನ್’ ಎಂದಿದ್ದರೆ ಅದು ಏರಿಕೆಯೋ ಇಳಿಕೆಯೋ? ಒಂದೇ ಕ್ಲಬ್‌ನ ಹೆಸರಿನ ಕೊನೆಗೆ ‘2’ ಎಂದು ಏಕಿರುತ್ತದೆ? ವಿಶ್ವಕಪ್ ಬಂದಾಗಲೆಲ್ಲ ಇಂಥ ನೂರಾರು ಹೆಸರುಗಳು ನಮ್ಮ ಮೊಬೈಲ್ ಪರದೆಯ ಮೇಲೆ ಹಾದುಹೋಗುತ್ತವೆ. ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಒಂದು ನಿಯಮವಿದೆ, ಒಂದು ಲೆಕ್ಕಾಚಾರವಿದೆ. ಅದನ್ನು ಬಿಡಿಸಿ ನೋಡೋಣ.

ಏಣಿ ಮತ್ತು ಅದರ ಮೆಟ್ಟಿಲುಗಳು

ಐಪಿಎಲ್‌ನಲ್ಲಿ ಕೊನೆಯ ಸ್ಥಾನಕ್ಕಿಳಿದ ತಂಡ ಮರುವರ್ಷವೂ ಐಪಿಎಲ್‌ನಲ್ಲೇ ಇರುತ್ತದೆ. ಜರ್ಮನಿಯಲ್ಲಿ ಹಾಗಲ್ಲ. ಅಲ್ಲಿನದು ಬೆಂಗಳೂರಿನ ಸ್ಥಳೀಯ ಫುಟ್‌ಬಾಲ್‌ನ ಸೂಪರ್ ಡಿವಿಷನ್, ಎ ಡಿವಿಷನ್, ಬಿ ಡಿವಿಷನ್ ಇದ್ದಂತೆ. ಗೆದ್ದವರು ಮೇಲಕ್ಕೆ, ಸೋತವರು ಕೆಳಕ್ಕೆ.

ಎಲ್ಲಕ್ಕಿಂತ ಮೇಲಿರುವುದು ಬುಂಡೆಸ್‌ಲಿಗಾ. 1963ರಲ್ಲಿ 16 ತಂಡಗಳೊಂದಿಗೆ ಆರಂಭವಾದ ಈ ಲೀಗ್‌ನಲ್ಲಿ ಈಗ 18 ತಂಡಗಳಿವೆ. ಪ್ರತಿ ತಂಡವೂ 34 ಪಂದ್ಯ ಆಡುತ್ತದೆ. ಅದರ ಕೆಳಗೆ 18 ತಂಡಗಳ ಎರಡನೇ ಬುಂಡೆಸ್‌ಲಿಗಾ, ಅದರ ಕೆಳಗೆ 2008ರಲ್ಲಿ ಆರಂಭವಾದ, 20 ತಂಡಗಳ ಮೂರನೇ ಲೀಗ್. ಬುಂಡೆಸ್‌ಲಿಗಾದ ಕೊನೆಯ ಎರಡು ತಂಡಗಳು ನೇರವಾಗಿ ಕೆಳಗಿಳಿಯುತ್ತವೆ. ಕೊನೆಯಿಂದ ಮೂರನೆಯದು ಎರಡನೇ ಲೀಗ್‌ನ ಮೂರನೇ ತಂಡದೊಡನೆ ಎರಡು ಪಂದ್ಯ ಆಡಿ ತನ್ನ ಜಾಗ ಉಳಿಸಿಕೊಳ್ಳಬೇಕು. ನಾಲ್ಕನೇ ಹಂತವಾದ ರೀಗಿಯೊನಾಲ್‌ಲಿಗಾದಲ್ಲಿ ಐದು ವಲಯಗಳಿವೆ, ಆದರೆ ಮೇಲೇರುವ ಅವಕಾಶ ನಾಲ್ಕೇ ತಂಡಗಳಿಗೆ. ಅಂದರೆ ತನ್ನ ವಲಯದಲ್ಲಿ ಚಾಂಪಿಯನ್ ಆದ ತಂಡವೂ ಅಲ್ಲೇ ಉಳಿದುಬಿಡಬಹುದು. ವರ್ಷವಿಡೀ ದುಡಿದ ಆಟಗಾರನಿಗೆ ಇದಕ್ಕಿಂತ ದೊಡ್ಡ ನೋವು ಬೇರೆ ಇರಲಾರದು.

ಆಸ್ಟ್ರಿಯಾದ ಬುಂಡೆಸ್‌ಲಿಗಾ ಚಿಕ್ಕದು. 2018ರಿಂದ 12 ತಂಡಗಳು. ಮೊದಲ 22 ಸುತ್ತುಗಳ ನಂತರ ಮೇಲಿನ ಆರು, ಕೆಳಗಿನ ಆರು ಎಂದು ಎರಡು ಗುಂಪಾಗಿ ಒಡೆದು ಇನ್ನೂ ಹತ್ತು ಸುತ್ತು ಆಡುತ್ತವೆ. ಮೇಲಿನ ಗುಂಪಿಗೆ ಪ್ರಶಸ್ತಿಯ ಚಿಂತೆ, ಕೆಳಗಿನ ಗುಂಪಿಗೆ ಉಳಿವಿನ ಚಿಂತೆ.

ಆಟಗಾರನ ಬದುಕಿಗೆ ಈ ಏರಿಳಿತ ಏಕೆ ಮುಖ್ಯ? ಒಪ್ಪಂದಗಳಲ್ಲಿ ಲೀಗ್‌ನ ಹೆಸರೂ ಬರೆದಿರುತ್ತದೆ. ತಂಡ ಕೆಳಗಿಳಿದರೆ ಸಂಬಳ ಇಳಿಯುವ, ಕೆಲವೊಮ್ಮೆ ಒಪ್ಪಂದವೇ ಮುಗಿದುಹೋಗುವ ಷರತ್ತುಗಳಿರುತ್ತವೆ. ಮೇ ತಿಂಗಳಲ್ಲಿ ಲೀಗ್‌ನ ಕೊನೆಯ ಶನಿವಾರ ಬೇರೊಂದು ಊರಿನಲ್ಲಿ ಬಿದ್ದ ಗೋಲಿನಿಂದ ಈ ಊರಿನ ಆಟಗಾರ ಗಂಟುಮೂಟೆ ಕಟ್ಟಬೇಕಾಗಿ ಬರಬಹುದು. ಪಟ್ಟಿಯಲ್ಲಿ ಜುಲೈ ತಿಂಗಳಲ್ಲಿ ಕ್ಲಬ್ ಬದಲಾದದ್ದು ಕಂಡರೆ ಆ ವರ್ಷದ ಅಂಕಪಟ್ಟಿಯ ತಳಭಾಗವನ್ನು ಒಮ್ಮೆ ನೋಡಿ. ಅನೇಕ ಸಲ ಉತ್ತರ ಅಲ್ಲೇ ಸಿಗುತ್ತದೆ.

ಕ್ಲಬ್ ಯಾರ ಸ್ವತ್ತು?

ನಮ್ಮ ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘವನ್ನು ನೆನೆಸಿಕೊಳ್ಳಿ. ಸದಸ್ಯರು ಮತ ಹಾಕುತ್ತಾರೆ, ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಜರ್ಮನಿಯ ಹೆಚ್ಚಿನ ಫುಟ್‌ಬಾಲ್ ಕ್ಲಬ್‌ಗಳ ಬೇರು ಇಂಥದೇ ಸದಸ್ಯರ ಸಂಘದಲ್ಲಿದೆ. 1998ರಲ್ಲಿ ಕ್ಲಬ್‌ಗಳು ತಮ್ಮ ವೃತ್ತಿಪರ ತಂಡವನ್ನು ಕಂಪನಿಯಾಗಿ ಮಾಡಿಕೊಳ್ಳಲು ಅನುಮತಿ ಸಿಕ್ಕಿತು. ಜೊತೆಗೇ ಒಂದು ಬೇಲಿಯನ್ನೂ ಹಾಕಲಾಯಿತು. ಆ ಕಂಪನಿಯಲ್ಲಿ ಅರ್ಧಕ್ಕಿಂತ ಒಂದಾದರೂ ಹೆಚ್ಚು ಮತ ಮೂಲ ಸಂಘದ ಕೈಯಲ್ಲೇ ಇರಬೇಕು. ಇದನ್ನೇ ‘50+1 ನಿಯಮ’ ಎನ್ನುತ್ತಾರೆ. ಔಷಧ ಕಂಪನಿ ಬಾಯರ್ ಕಟ್ಟಿದ ಲೆವರ್‌ಕುಸೆನ್, ಫೋಕ್ಸ್‌ವ್ಯಾಗನ್ ನೆರಳಿನಲ್ಲಿ ಬೆಳೆದ ವೋಲ್ಫ್ಸ್‌ಬರ್ಗ್ ಇದಕ್ಕೆ ಅಪವಾದ.

ಇಲ್ಲಿ ಐಪಿಎಲ್‌ನಂತೆ ಹರಾಜಿಲ್ಲ ಎಂಬುದನ್ನೂ ನೆನಪಿಡಬೇಕು. ಯಾವ ಕ್ಲಬ್ ಆಟಗಾರನನ್ನು ಬಯಸಿದರೂ ಅವನು ಒಪ್ಪಿ ಸಹಿ ಹಾಕದೆ ಆ ಹೆಜ್ಜೆ ಮುಂದುವರಿಯುವುದಿಲ್ಲ.

ಹನ್ನೆರಡರಿಂದ ಹದಿನೆಂಟು: ತಳಪಾಯದ ವರ್ಷಗಳು

2000ದ ಯೂರೋ ಕಪ್‌ನಲ್ಲಿ ಜರ್ಮನಿ ತನ್ನ ಗುಂಪಿನ ಕೊನೆಯ ಸ್ಥಾನಕ್ಕೆ ಕುಸಿಯಿತು. ಆ ಅವಮಾನದಿಂದ ಹುಟ್ಟಿದ ಸುಧಾರಣೆ ಇಂದಿನ ಪ್ರತಿ ಜರ್ಮನ್ ಆಟಗಾರನ ಪಟ್ಟಿಯ ಮೊದಲ ಸಾಲುಗಳಲ್ಲಿ ಕಾಣುತ್ತದೆ. ಬುಂಡೆಸ್‌ಲಿಗಾದಲ್ಲಿ ಆಡಲು ಪರವಾನಗಿ ಬೇಕಾದರೆ ಕ್ಲಬ್ ತನ್ನದೇ ಯುವ ತರಬೇತಿ ಕೇಂದ್ರ ನಡೆಸಲೇಬೇಕು ಎಂಬ ಷರತ್ತು ಬಂತು. ಕ್ಲಬ್‌ಗಳ ಕಣ್ಣಿಗೆ ಬೀಳದ ಮಕ್ಕಳಿಗಾಗಿ ಜರ್ಮನ್ ಫುಟ್‌ಬಾಲ್ ಸಂಸ್ಥೆ ದೇಶದುದ್ದಕ್ಕೂ 360ಕ್ಕೂ ಹೆಚ್ಚು ತರಬೇತಿ ತಾಣಗಳನ್ನು ತೆರೆಯಿತು. 2014ರಲ್ಲಿ ಬ್ರೆಜಿಲ್‌ನಲ್ಲಿ ವಿಶ್ವಕಪ್ ಎತ್ತಿದ ತಂಡದ ಹೆಚ್ಚಿನವರು ಈ ವ್ಯವಸ್ಥೆಯ ಕೂಸುಗಳು.

ತರಬೇತಿ ಕೇಂದ್ರದಿಂದ ಹೊರಬಂದ ಹದಿನೆಂಟು ವರ್ಷದ ಹುಡುಗ ಒಮ್ಮೆಲೇ ಮೊದಲ ತಂಡಕ್ಕೆ ಜಿಗಿಯುವುದು ಅಪರೂಪ. ನಡುವೆ ಒಂದು ಮೆಟ್ಟಿಲಿದೆ. ಅದೇ ಕ್ಲಬ್‌ನ ‘ಎರಡನೇ ತಂಡ’. ಹೆಸರಿನ ಕೊನೆಯ ‘2’ ಬಂದದ್ದು ಅಲ್ಲಿಂದ. ಈ ಎರಡನೇ ತಂಡಗಳು ಹೆಚ್ಚಾಗಿ ಮೂರನೇ ಅಥವಾ ನಾಲ್ಕನೇ ಹಂತದ ಲೀಗ್‌ನಲ್ಲಿ, ಗಟ್ಟಿ ಮೈಯ ಅನುಭವಿಗಳ ಎದುರು ಆಡುತ್ತವೆ. ತರಬೇತಿ ಕೇಂದ್ರದ ಅಚ್ಚುಕಟ್ಟಾದ ಮೈದಾನದಲ್ಲಿ ಮಿಂಚಿದ ಹುಡುಗನಿಗೆ ಕೆಸರಿನ ಮೈದಾನದಲ್ಲಿ ಮೂವತ್ತೆರಡರ ರಕ್ಷಣಾ ಆಟಗಾರನ ಭುಜದ ಪೆಟ್ಟು ಮೊದಲ ಬಾರಿಗೆ ತಾಗುವುದು ಇಲ್ಲೇ.

ಇದಕ್ಕೆ ಹೊರತಾದ ದಾರಿಯಲ್ಲಿ ಬಂದವರೂ ಇದ್ದಾರೆ. ನನಗೆ ಎಂದೂ ಮರೆಯದ ಹೆಸರು ಮಿರೋಸ್ಲಾವ್ ಕ್ಲೋಸೆ. ಪೋಲೆಂಡ್‌ನಲ್ಲಿ ಹುಟ್ಟಿ ಬಾಲ್ಯದಲ್ಲೇ ಜರ್ಮನಿಗೆ ಬಂದ ಕ್ಲೋಸೆ ಬಡಗಿಯ ಕೆಲಸ ಕಲಿಯುತ್ತ ಏಳನೇ ಹಂತದ ಹಳ್ಳಿ ತಂಡದಲ್ಲಿ ಆಡುತ್ತಿದ್ದರು. ಹೋಂಬುರ್ಗ್, ಅಲ್ಲಿಂದ ಕೈಸರ್ಸ್‌ಲೌಟರ್ನ್‌ನ ಎರಡನೇ ತಂಡ, 2000ದಲ್ಲಿ ಬುಂಡೆಸ್‌ಲಿಗಾ. ವಿಶ್ವಕಪ್‌ಗಳಲ್ಲಿ ಒಟ್ಟು 16 ಗೋಲು ಹೊಡೆದು ದಾಖಲೆ ಬರೆದ ಆಟಗಾರನ ಪಟ್ಟಿಯ ಮೊದಲ ಸಾಲಿನಲ್ಲಿ ಪ್ರಸಿದ್ಧ ಅಕಾಡೆಮಿಯ ಹೆಸರಿಲ್ಲ, ಬ್ಲೌಬಾಖ್-ಡೀಡೆಲ್‌ಕೊಪ್ಫ್ ಎಂಬ ಊರಿನ ಸಂಘದ ಹೆಸರಿದೆ.

ಗ್ರೆಗೊರಿಚ್ ಅವರ ಆರಂಭ ಕ್ಲೋಸೆಯವರದಕ್ಕಿಂತ ತೀರ ಭಿನ್ನ. 2010ರ ಏಪ್ರಿಲ್‌ನಲ್ಲಿ, 16 ತುಂಬಲು ಕೆಲವೇ ದಿನಗಳಿದ್ದಾಗ, ಕಾಪ್‌ಫೆನ್‌ಬರ್ಗ್ ಪರ ಆಸ್ಟ್ರಿಯಾದ ಬುಂಡೆಸ್‌ಲಿಗಾದಲ್ಲಿ ಕಣಕ್ಕಿಳಿದ ಮೊದಲ ಪಂದ್ಯದಲ್ಲೇ ಗೋಲು ಹೊಡೆದರು. ತಂಡದ ಕೋಚ್ ಅವರ ತಂದೆ ವರ್ನರ್ ಗ್ರೆಗೊರಿಚ್.

ನಮ್ಮ ಹುಡುಗನೊಬ್ಬ ಹದಿನಾರಕ್ಕೇ ಜರ್ಮನಿಯ ಕ್ಲಬ್ ಸೇರಬಹುದೇ ಎಂದು ಕೇಳುವ ಪೋಷಕರಿದ್ದಾರೆ. ಫಿಫಾ ನಿಯಮದ ಪ್ರಕಾರ 18 ತುಂಬದವರನ್ನು ದೇಶದಿಂದ ದೇಶಕ್ಕೆ ವರ್ಗಾಯಿಸುವಂತಿಲ್ಲ. ಯುರೋಪಿಯನ್ ಒಕ್ಕೂಟದೊಳಗೆ ಮಾತ್ರ 16ಕ್ಕೆ ಅವಕಾಶವಿದೆ. ವಿಯೆನ್ನಾದ ಡೇವಿಡ್ ಅಲಾಬಾ 2008ರಲ್ಲಿ 16ರ ವಯಸ್ಸಿನಲ್ಲಿ ಬೇಯರ್ನ್ ಮ್ಯೂನಿಕ್ ಸೇರಲು ಸಾಧ್ಯವಾದದ್ದು ಈ ರಿಯಾಯಿತಿಯಿಂದ. ಹೆತ್ತವರು ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಅಲ್ಲಿ ನೆಲೆಸಿದ್ದರೆ ಮಾತು ಬೇರೆ. ಯಾರಾದರೂ ಮಧ್ಯವರ್ತಿ ಹದಿನೈದರ ಮಗನಿಗೆ ಜರ್ಮನಿಯಲ್ಲಿ ಒಪ್ಪಂದ ಕೊಡಿಸುತ್ತೇನೆಂದು ಹಣ ಕೇಳಿದರೆ ಈ ನಿಯಮ ನೆನಪಿರಲಿ. ಪಂಜಾಬಿ ಮೂಲದ ನ್ಯೂಜಿಲೆಂಡ್ ಆಟಗಾರ ಸರ್‌ಪ್ರೀತ್ ಸಿಂಗ್ 2019ರಲ್ಲಿ ಬೇಯರ್ನ್ ಸೇರಿದ್ದು ಇಪ್ಪತ್ತರ ವಯಸ್ಸಿನಲ್ಲಿ. ಅದೇ ಡಿಸೆಂಬರ್‌ನಲ್ಲಿ ಅವರು ಬುಂಡೆಸ್‌ಲಿಗಾದಲ್ಲಿ ಆಡಿದ ಮೊದಲ ಭಾರತೀಯ ಮೂಲದವರಾದರು.

ಒಪ್ಪಂದ: ಸಂಬಳದ ಕೆಲಸ, ಆದರೆ ಕಾಯಂ ಅಲ್ಲ

ಜರ್ಮನಿಯಲ್ಲಿ ವೃತ್ತಿಪರ ಫುಟ್‌ಬಾಲ್ ಆಟಗಾರ ಕಾನೂನಿನ ದೃಷ್ಟಿಯಲ್ಲಿ ಒಬ್ಬ ನೌಕರ. ಆದರೆ ಅವನ ನೌಕರಿಗೆ ಮುಕ್ತಾಯದ ದಿನಾಂಕ ಮೊದಲೇ ಬರೆದಿರುತ್ತದೆ. ಸಾಮಾನ್ಯವಾಗಿ ಅದು ಜೂನ್ 30. ಫಿಫಾ ನಿಯಮದಂತೆ ಒಪ್ಪಂದ ಹೆಚ್ಚೆಂದರೆ ಐದು ವರ್ಷ, 18ರೊಳಗಿನವರಿಗೆ ಮೂರು ವರ್ಷ.

ಇದನ್ನು ಒಬ್ಬ ಆಟಗಾರ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಮೈಂಜ್ ಕ್ಲಬ್‌ನ ಗೋಲ್‌ಕೀಪರ್ ಹೈಂಜ್ ಮ್ಯೂಲರ್. ಕಾರಣವಿಲ್ಲದೆ ನೌಕರನನ್ನು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಅವಧಿ ಒಪ್ಪಂದದಲ್ಲಿ ಇಟ್ಟುಕೊಳ್ಳಬಾರದು ಎನ್ನುತ್ತದೆ ಜರ್ಮನ್ ಕಾನೂನು. ಐದು ವರ್ಷ ದುಡಿದ ತನ್ನನ್ನು 2014ರಲ್ಲಿ ದಿನಾಂಕ ಮುಗಿಯಿತೆಂದು ಕಳುಹಿಸಿದ್ದು ಸರಿಯೇ ಎಂಬುದು ಅವರ ಪ್ರಶ್ನೆ. 2015ರಲ್ಲಿ ಕೆಳ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಾಗ ಇಡೀ ಜರ್ಮನ್ ಫುಟ್‌ಬಾಲ್ ಬೆಚ್ಚಿಬಿದ್ದಿತು. ಆ ತೀರ್ಪು ಉಳಿದಿದ್ದರೆ ಆಟಗಾರರೆಲ್ಲ ಕಾಯಂ ನೌಕರರಾಗುವ ಸಾಧ್ಯತೆಯಿತ್ತು. 2018ರ ಜನವರಿಯಲ್ಲಿ ಕೇಂದ್ರ ಕಾರ್ಮಿಕ ನ್ಯಾಯಾಲಯ ಅಂತಿಮವಾಗಿ ಕ್ಲಬ್‌ನ ಪರ ನಿಂತಿತು. ಉನ್ನತ ಮಟ್ಟದ ಆಟವನ್ನು ಯಾರೂ ನಿವೃತ್ತಿಯ ವಯಸ್ಸಿನವರೆಗೆ ಆಡಲಾರರು, ಹಾಗಾಗಿ ಈ ವೃತ್ತಿಯ ಸ್ವಭಾವವೇ ಅವಧಿ ಒಪ್ಪಂದಕ್ಕೆ ಸಾಕಷ್ಟು ಕಾರಣ ಎಂಬುದು ಅದರ ನಿಲುವು.

ಈಗ ವರ್ಗಾವಣೆ ಶುಲ್ಕ. ಕೋಟಿಗಟ್ಟಲೆ ಯೂರೋಗೆ ‘ಮಾರಾಟವಾದ’ ಎಂದು ಓದುತ್ತೇವಲ್ಲ, ಮಾರಾಟವಾಗುವುದು ಮನುಷ್ಯನಲ್ಲ. ಬಾಡಿಗೆ ಕರಾರು ಮುಗಿಯುವ ಮೊದಲೇ ಅಂಗಡಿ ಮಳಿಗೆ ಬಿಡಿಸಿಕೊಳ್ಳಬೇಕಾದರೆ ಬಾಡಿಗೆದಾರನಿಗೆ ಪರಿಹಾರ ಕೊಡುತ್ತೇವೆ. ಇದೂ ಹಾಗೆಯೇ. ಒಪ್ಪಂದ ಇನ್ನೂ ಬಾಕಿ ಇರುವಾಗ ಆಟಗಾರನನ್ನು ಬಿಟ್ಟುಕೊಡುವುದಕ್ಕೆ ಹಳೆಯ ಕ್ಲಬ್ ಪಡೆಯುವ ಪರಿಹಾರ ಅದು. ಕರಾರು ಮುಗಿದ ಮೇಲೆ ಪರಿಹಾರವೂ ಇಲ್ಲ. ಆದರೆ 1995ರವರೆಗೆ ಕರಾರು ಮುಗಿದರೂ ಹಳೆಯ ಕ್ಲಬ್ ಹಣ ಕೇಳುತ್ತಿತ್ತು. ಬೆಲ್ಜಿಯಂನ ಜಾನ್-ಮಾರ್ಕ್ ಬೊಸ್ಮನ್ ಎಂಬ ಆಟಗಾರ ಹೂಡಿದ ಮೊಕದ್ದಮೆಯಲ್ಲಿ ಯುರೋಪಿಯನ್ ನ್ಯಾಯಾಲಯ ಆ ವರ್ಷದ ಡಿಸೆಂಬರ್ 15ರಂದು ಈ ಪದ್ಧತಿಯನ್ನು ಕಿತ್ತುಹಾಕಿತು. ಯುರೋಪಿಯನ್ ಒಕ್ಕೂಟದ ಆಟಗಾರರನ್ನು ‘ವಿದೇಶಿ’ ಎಂದು ಎಣಿಸಿ ಸಂಖ್ಯೆ ಮಿತಿಗೊಳಿಸುವುದನ್ನೂ ತಡೆಯಿತು. ಆಸ್ಟ್ರಿಯಾ ಅದೇ ವರ್ಷ ಒಕ್ಕೂಟ ಸೇರಿತ್ತು. ಹೀಗಾಗಿ ಗಡಿಯಾಚೆಯ ಜರ್ಮನಿಯ ಬಾಗಿಲು ಅಲ್ಲಿನ ಆಟಗಾರರಿಗೆ ಅಗಲವಾಗಿ ತೆರೆಯಿತು.

ಬೊಸ್ಮನ್ ತೀರ್ಪಿನ ಬಲ ಎಷ್ಟೆಂದು ತಿಳಿಯಲು ರಾಬರ್ಟ್ ಲೆವಾಂಡೊವ್‌ಸ್ಕಿ ಸಾಕು. ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್‌ನೊಡನೆ ಅವರ ಒಪ್ಪಂದ 2014ರ ಬೇಸಿಗೆಯಲ್ಲಿ ಮುಗಿಯುವುದಿತ್ತು. ಕೊನೆಯ ಆರು ತಿಂಗಳಲ್ಲಿ ಬೇರೆ ಕ್ಲಬ್ ಜೊತೆ ಸಹಿ ಹಾಕಲು ನಿಯಮ ಬಿಡುತ್ತದೆ. ಜನವರಿಯಲ್ಲೇ ಅವರು ಬದ್ಧ ಎದುರಾಳಿ ಬೇಯರ್ನ್‌ಗೆ ಸಹಿ ಹಾಕಿದರು, ಮತ್ತೂ ಅರ್ಧ ವರ್ಷ ಡಾರ್ಟ್‌ಮಂಡ್‌ಗಾಗಿ ಗೋಲು ಹೊಡೆದರು. ಯುರೋಪಿನ ಅತ್ಯುತ್ತಮ ಗೋಲು ಬೇಟೆಗಾರ ಹೊರಟಾಗ ಡಾರ್ಟ್‌ಮಂಡ್‌ಗೆ ವರ್ಗಾವಣೆ ಶುಲ್ಕವಾಗಿ ಒಂದು ಯೂರೋ ಸಹ ಬರಲಿಲ್ಲ. ಒಪ್ಪಂದ ಮುಗಿಯಲು ಒಂದು ವರ್ಷ ಉಳಿದಿರುವಾಗಲೇ ಕ್ಲಬ್‌ಗಳು ‘ಮುಂದುವರಿಸು ಇಲ್ಲವೇ ಹೊರಡು’ ಎಂದು ಆಟಗಾರನ ಮೇಲೆ ಒತ್ತಡ ಹಾಕುವುದು ಈ ಭಯದಿಂದಲೇ.

ಬೆಳೆಸಿದ ಸಣ್ಣ ಕ್ಲಬ್‌ಗೆ ಏನು ಸಿಗುತ್ತದೆ? ಇಲ್ಲಿ ಫಿಫಾ ನಿಯಮವೊಂದು ನನಗೆ ಬಹಳ ಮೆಚ್ಚುಗೆಯಾದದ್ದು. ಆಟಗಾರ ಒಂದು ದೇಶದಿಂದ ಇನ್ನೊಂದಕ್ಕೆ ಶುಲ್ಕದ ಮೇಲೆ ಹೋದಾಗ ಅದರ ಶೇ 5ರಷ್ಟನ್ನು ಅವನು 12ರಿಂದ 23ರ ವಯಸ್ಸಿನವರೆಗೆ ಎಲ್ಲೆಲ್ಲಿ ಕಲಿತನೋ ಆ ಕ್ಲಬ್‌ಗಳಿಗೆ ಹಂಚಬೇಕು. ಆರಂಭದ ನಾಲ್ಕು ವರ್ಷಗಳಿಗೆ ತಲಾ ಶೇ 0.25, ನಂತರದ ಎಂಟು ವರ್ಷಗಳಿಗೆ ತಲಾ ಶೇ 0.5. ಒಂದು ಕೋಟಿ ಯೂರೋ ಶುಲ್ಕವಾದರೆ 17ರ ಹುಡುಗನನ್ನು ಒಂದು ವರ್ಷ ಇಟ್ಟುಕೊಂಡ ಕ್ಲಬ್‌ಗೆ 50,000 ಯೂರೋ ಸಿಗುತ್ತದೆ. ಹಳ್ಳಿಯ ಕ್ಲಬ್‌ಗೆ ಅದು ಹೊಸ ಮೈದಾನದ ಹಣ.

ಎರವಲು ಎಂದರೆ ನಿಯೋಜನೆ

ಶಿಕ್ಷಣ ಇಲಾಖೆಯ ನೌಕರರೊಬ್ಬರನ್ನು ಎರಡು ವರ್ಷ ಬೇರೆ ಇಲಾಖೆಗೆ ನಿಯೋಜನೆಯ ಮೇಲೆ ಕಳುಹಿಸುತ್ತಾರೆ. ಅವರ ಮೂಲ ಹುದ್ದೆ ಅಲ್ಲೇ ಇರುತ್ತದೆ, ದುಡಿಮೆ ಇನ್ನೊಂದು ಕಡೆ. ಫುಟ್‌ಬಾಲ್‌ನ ‘ಲೋನ್’ ಅಥವಾ ಎರವಲು ಅದೇ. ಮೂಲ ಕ್ಲಬ್‌ನೊಡನೆ ಒಪ್ಪಂದ ಜೀವಂತವಾಗಿರುತ್ತದೆ, ಸಂಬಳವನ್ನು ಎರಡೂ ಕ್ಲಬ್‌ಗಳು ಹಂಚಿಕೊಳ್ಳಬಹುದು, ಅವಧಿ ಮುಗಿದ ಮೇಲೆ ಶಾಶ್ವತವಾಗಿ ಸೇರಿಸಿಕೊಳ್ಳುವ ಆಯ್ಕೆಯನ್ನೂ ಬರೆದುಕೊಳ್ಳಬಹುದು.

ಪಟ್ಟಿಯಲ್ಲಿ ಎರವಲು ಕಂಡರೆ ವಯಸ್ಸನ್ನು ಪಕ್ಕದಲ್ಲಿಟ್ಟು ಓದಬೇಕು. ಹತ್ತೊಂಬತ್ತರಲ್ಲಿ ಎರವಲು ಹೋದರೆ ಅದು ಕಲಿಕೆ. ಮುಂದೆ ನಾಯಕನಾಗಿ ವಿಶ್ವಕಪ್ ಎತ್ತಿದ ಫಿಲಿಪ್ ಲಾಮ್ 2003ರಿಂದ ಎರಡು ವರ್ಷ ಬೇಯರ್ನ್‌ನಿಂದ ಸ್ಟುಟ್‌ಗಾರ್ಟ್‌ಗೆ ಎರವಲು ಹೋಗಿದ್ದರು. ಇಪ್ಪತ್ತೈದು ದಾಟಿದ ಮೇಲಿನ ಎರವಲು ಬಹುತೇಕ ಬೇರೆಯೇ ಕಥೆ ಹೇಳುತ್ತದೆ. ಗ್ರೆಗೊರಿಚ್ ಅವರಲ್ಲಿ ಎರಡೂ ಇವೆ. ಹಾಫೆನ್‌ಹೈಮ್ ಅವರನ್ನು ಸೇರಿಸಿಕೊಂಡು ಮೊದಲು ಕಾಪ್‌ಫೆನ್‌ಬರ್ಗ್‌ನಲ್ಲೇ ಬಿಟ್ಟಿತು, ಆಮೇಲೆ ಎರಡನೇ ತಂಡದಲ್ಲಿ ಆಡಿಸಿತು, ನಂತರ ಸೇಂಟ್ ಪೌಲಿ ಮತ್ತು ಬೋಖುಮ್‌ಗೆ ಕಳುಹಿಸಿತು. ಎರಡೂ ಆಗ ಎರಡನೇ ಬುಂಡೆಸ್‌ಲಿಗಾದಲ್ಲಿದ್ದ ಕ್ಲಬ್‌ಗಳು. ಅಲ್ಲಿ ಪಳಗಿದ್ದರಿಂದಲೇ 2015ರಲ್ಲಿ ಹ್ಯಾಂಬರ್ಗ್ ಕರೆಯಿತು. 2020ರ ಆರಂಭದಲ್ಲಿ ಆಗ್ಸ್‌ಬರ್ಗ್‌ನಿಂದ ಶಾಲ್ಕೆಗೆ ಎರವಲು ಹೋದದ್ದು ಮೈದಾನದಲ್ಲಿ ಹೆಚ್ಚು ನಿಮಿಷಗಳನ್ನು ಹುಡುಕಿಕೊಂಡು. ರಾಷ್ಟ್ರೀಯ ತಂಡದ ಜಾಗ ಬೆಂಚಿನ ಮೇಲೆ ಕುಳಿತರೆ ಉಳಿಯುವುದಿಲ್ಲ.

ಅಲಾಬಾ ಅವರೂ 2011ರ ಜನವರಿಯಿಂದ ಅರ್ಧ ವರ್ಷ ಹಾಫೆನ್‌ಹೈಮ್‌ಗೆ ಎರವಲು ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕ ಕೋಚ್ ಮಾರ್ಕೊ ಪೆಜ್ಜಾಯುವೊಲಿ. ಹತ್ತು ವರ್ಷದ ನಂತರ, 2021ರಲ್ಲಿ, ಅದೇ ಪೆಜ್ಜಾಯುವೊಲಿ ನಮ್ಮ ಬೆಂಗಳೂರು ಎಫ್‌ಸಿಯ ಮುಖ್ಯ ಕೋಚ್ ಆಗಿ ಬಂದರು. ಹಾಫೆನ್‌ಹೈಮ್‌ನಲ್ಲಿ ಅವರಿಗಿಂತ ಮುಂಚೆ ಇದ್ದ ಕೋಚ್ ರಾಲ್ಫ್ ರಾಂಗ್ನಿಕ್. ತನಗೆ ತಿಳಿಸದೆ ಲೂಯಿಜ್ ಗುಸ್ತಾವೊ ಎಂಬ ಆಟಗಾರನನ್ನು ಬೇಯರ್ನ್‌ಗೆ ಕೊಟ್ಟರೆಂದು ಆ ಜನವರಿಯಲ್ಲೇ ಅವರು ಹೊರನಡೆದಿದ್ದರು. 2022ರಿಂದ ಅವರೇ ಆಸ್ಟ್ರಿಯಾದ ರಾಷ್ಟ್ರೀಯ ಕೋಚ್. ವಿಯೆನ್ನಾದ ಆ ನವೆಂಬರ್ ರಾತ್ರಿ ಗೆರೆಯಾಚೆ ನಿಂತಿದ್ದವರು ಈ ಜರ್ಮನ್.

ಆಸ್ಟ್ರಿಯಾದಿಂದ ಜರ್ಮನಿಗೆ, ಒಮ್ಮೊಮ್ಮೆ ಅಲ್ಲಿಂದ ಇಲ್ಲಿಗೆ

ಇಂದು ಆಸ್ಟ್ರಿಯಾವನ್ನು ಜರ್ಮನಿಯ ಮೆಟ್ಟಿಲು ಎನ್ನುತ್ತಾರೆ. ಆದರೆ ಆಡಿದ್ದಕ್ಕೆ ಸಂಬಳ ಎಂಬ ಪದ್ಧತಿಯನ್ನು ಯುರೋಪಿನ ಭೂಖಂಡದಲ್ಲಿ ಮೊದಲು ಒಪ್ಪಿಕೊಂಡ ಲೀಗ್ ವಿಯೆನ್ನಾದ್ದು, 1924ರಲ್ಲಿ. ಜರ್ಮನಿ ಆಗ ಅದನ್ನು ಅಧಿಕೃತವಾಗಿ ಒಪ್ಪಿರಲೇ ಇಲ್ಲ. ವಿಯೆನ್ನಾದ ಆ ಮೊದಲ ವೃತ್ತಿಪರ ಚಾಂಪಿಯನ್ ಯಹೂದಿ ಕ್ಲಬ್ ಹಕೋವಾ. 1926ರಲ್ಲಿ ಅಮೆರಿಕ ಪ್ರವಾಸಕ್ಕೆ ಹೋದಾಗ ಉತ್ತಮ ಸಂಬಳ ಕಂಡು ಅದರ ಹಲವು ಆಟಗಾರರು ಅಲ್ಲೇ ಉಳಿದರು. 1938ರಲ್ಲಿ ನಾಜಿ ಜರ್ಮನಿ ಆಸ್ಟ್ರಿಯಾವನ್ನು ನುಂಗಿದಾಗ ವೃತ್ತಿಪರ ಫುಟ್‌ಬಾಲ್ ರದ್ದಾಯಿತು, ಹಕೋವಾವನ್ನು ಮುಚ್ಚಿಸಲಾಯಿತು.

ಇಂದಿನ ಹರಿವಿಗೆ ಕಾರಣಗಳು ಸರಳ. ಒಂದೇ ಭಾಷೆ, ಅಂಟಿಕೊಂಡ ಗಡಿ, ಜನಸಂಖ್ಯೆಯಲ್ಲಿ ಸುಮಾರು ಒಂಬತ್ತು ಪಟ್ಟು ದೊಡ್ಡ ದೇಶದ ಟಿವಿ ಹಣ. ಆಸ್ಟ್ರಿಯಾದ ಲೀಗ್ ತನ್ನ ಆದಾಯದ ಒಂದು ಪಾಲನ್ನು ‘ಆಸ್ಟ್ರಿಯನ್ನರ ಮಡಕೆ’ ಎಂಬರ್ಥದ ಹೆಸರಿನ ನಿಧಿಯಲ್ಲಿಟ್ಟು, ಸ್ವದೇಶಿ ಆಟಗಾರರಿಗೆ ಕೊಟ್ಟ ಆಟದ ನಿಮಿಷಗಳನ್ನು ನೋಡಿ ಕ್ಲಬ್‌ಗಳಿಗೆ ಹಂಚುತ್ತದೆ. ಅದರಿಂದ ಹುಡುಗರಿಗೆ ಬೇಗ ಅವಕಾಶ ಸಿಗುತ್ತದೆ, ಜರ್ಮನ್ ಕ್ಲಬ್‌ಗಳ ಕಣ್ಣಿಗೂ ಬೇಗ ಬೀಳುತ್ತಾರೆ.

ಇದನ್ನೇ ಒಂದು ಕಾರ್ಖಾನೆಯ ಶಿಸ್ತಿನಲ್ಲಿ ಮಾಡಿದ್ದು ಸಾಲ್ಜ್‌ಬರ್ಗ್. 2005ರಲ್ಲಿ ಪಾನೀಯ ಕಂಪನಿ ರೆಡ್ ಬುಲ್ ಅಲ್ಲಿನ ಕ್ಲಬ್ ಕೊಂಡು ಹೆಸರನ್ನೂ ನೇರಳೆ ಬಣ್ಣವನ್ನೂ ಬದಲಿಸಿತು. ಮನನೊಂದ ಅಭಿಮಾನಿಗಳು ಹಳೆಯ ಹೆಸರು, ಹಳೆಯ ಬಣ್ಣದಲ್ಲೇ ಹೊಸ ಕ್ಲಬ್ ಕಟ್ಟಿ ಕೆಳಗಿನ ಲೀಗ್‌ನಿಂದ ಆರಂಭಿಸಿದರು. 2009ರಲ್ಲಿ ಅದೇ ಕಂಪನಿ ಜರ್ಮನಿಯ ಲೈಪ್‌ಜಿಗ್‌ನಲ್ಲೂ ಕ್ಲಬ್ ಆರಂಭಿಸಿತು. 2012ರಲ್ಲಿ ಎರಡರ ಕ್ರೀಡಾ ನಿರ್ದೇಶಕರಾಗಿ ಬಂದವರು ರಾಂಗ್ನಿಕ್. ಹದಿಹರೆಯದ ಪ್ರತಿಭೆಗಳನ್ನು ಹುಡುಕಿ ಮೊದಲು ಲೀಫೆರಿಂಗ್ ಎಂಬ ಸಣ್ಣ ಕ್ಲಬ್‌ನಲ್ಲಿ ಎರಡನೇ ಲೀಗ್ ಆಡಿಸುವುದು, ಆಮೇಲೆ ಸಾಲ್ಜ್‌ಬರ್ಗ್, ಆಮೇಲೆ ಲೈಪ್‌ಜಿಗ್ ಎಂಬ ದಾರಿ ಮೂಡಿತು. ಹಂಗೆರಿಯ ಡೊಮಿನಿಕ್ ಸೊಬೊಸ್ಲೈ ಈ ಮೂರೂ ಮೆಟ್ಟಿಲು ಹತ್ತಿ 2023ರಲ್ಲಿ ಲಿವರ್‌ಪೂಲ್ ಸೇರಿದರು. ನಾರ್ವೆಯ ಎರ್ಲಿಂಗ್ ಹಾಲಂಡ್ 2019ರ ಜನವರಿಯಲ್ಲಿ ಸಾಲ್ಜ್‌ಬರ್ಗ್‌ಗೆ ಬಂದು, ಸೆಪ್ಟೆಂಬರ್‌ನಲ್ಲಿ ತಮ್ಮ ಮೊದಲ ಚಾಂಪಿಯನ್ಸ್ ಲೀಗ್ ಪಂದ್ಯದಲ್ಲೇ ಹ್ಯಾಟ್ರಿಕ್ ಹೊಡೆದು, ಮರುಜನವರಿಯಲ್ಲಿ ಡಾರ್ಟ್‌ಮಂಡ್ ಸೇರಿದರು. ಒಂದೇ ವರ್ಷ. 2014ರಿಂದ 2023ರವರೆಗೆ ಸತತ ಹತ್ತು ಬಾರಿ ಚಾಂಪಿಯನ್ ಆದ ಕ್ಲಬ್ ತನ್ನ ಒಳ್ಳೆಯ ಆಟಗಾರರನ್ನು ಉಳಿಸಿಕೊಳ್ಳುವುದಕ್ಕಿಂತ ಕಳುಹಿಸಿಕೊಡುವುದರಲ್ಲೇ ತನ್ನ ಶಕ್ತಿ ಕಂಡುಕೊಂಡಿತ್ತು.

ಎದುರು ದಿಕ್ಕಿನಲ್ಲಿ ನಡೆದವರೂ ಇದ್ದಾರೆ. ವ್ಯೂರ್ಜ್‌ಬರ್ಗ್‌ನಲ್ಲಿ ಹುಟ್ಟಿದ ಸ್ಟೆಫೆನ್ ಹಾಫ್‌ಮನ್ ಬೇಯರ್ನ್‌ನ ಎರಡನೇ ತಂಡದಿಂದ ಮೇಲೇರಲಾಗದೆ 2002ರಲ್ಲಿ ರಾಪಿಡ್ ವಿಯೆನ್ನಾಕ್ಕೆ ಬಂದರು. 2006ರಲ್ಲಿ ಮ್ಯೂನಿಕ್‌ನ 1860 ಕ್ಲಬ್‌ಗೆ ಹೋದವರು ಅರ್ಧ ವರ್ಷದಲ್ಲೇ ಹಿಂದಿರುಗಿದರು. 2018ರವರೆಗೆ ರಾಪಿಡ್‌ನಲ್ಲೇ ಆಡಿ, ನಾಯಕರಾಗಿ, ಆ ಕ್ಲಬ್ ಪರ ಅತಿ ಹೆಚ್ಚು ಪಂದ್ಯಗಳ ದಾಖಲೆ ಬರೆದರು. ಪಟ್ಟಿಯಲ್ಲಿ ಅವರದು ಮೂರೇ ಹೆಸರು. ದೊಡ್ಡ ಲೀಗ್‌ನಲ್ಲಿ ಸಿಗದ ಮನೆ ಚಿಕ್ಕ ಲೀಗ್‌ನಲ್ಲಿ ಸಿಕ್ಕವರು ಅವರು.

ಸಂಬಳ ಮತ್ತು ಮುಳುಗಿದ ಕ್ಲಬ್‌ಗಳು

1963ರಲ್ಲಿ ಬುಂಡೆಸ್‌ಲಿಗಾ ಆರಂಭವಾದಾಗ ಆಟಗಾರನ ಮಾಸಿಕ ಗಳಿಕೆಗೆ 1,200 ಮಾರ್ಕ್ (ಆಗಿನ ಜರ್ಮನ್ ಹಣ) ಮಿತಿ ಇತ್ತು. ವಿನಾಯಿತಿ ಇದ್ದದ್ದು ಕೆಲವೇ ತಾರೆಗಳಿಗೆ. ಮೇಜಿನ ಕೆಳಗೆ ಹಣ ಹರಿಯದೆ ಇರಲಿಲ್ಲ. ಅಂಥ ಪಾವತಿಗಾಗಿ 1965ರಲ್ಲಿ ಹೆರ್ಥಾ ಬರ್ಲಿನ್ ತಂಡವನ್ನು ಲೀಗ್‌ನಿಂದ ಕೆಳಗಿಳಿಸಲಾಯಿತು. 1971ರ ಜೂನ್ 6ರಂದು ಇನ್ನೂ ದೊಡ್ಡ ಬಾಂಬು ಸಿಡಿಯಿತು. ಆಫೆನ್‌ಬಾಖ್ ಕ್ಲಬ್ ಅಧ್ಯಕ್ಷ ಹೋರ್ಸ್ಟ್-ಗ್ರೆಗೋರಿಯೊ ಕನೆಲ್ಲಾಸ್ ತಮ್ಮ 50ನೇ ಹುಟ್ಟುಹಬ್ಬಕ್ಕೆ ಮನೆಯ ತೋಟಕ್ಕೆ ಅತಿಥಿಗಳನ್ನು ಕರೆದಿದ್ದರು. ರಾಷ್ಟ್ರೀಯ ಕೋಚ್ ಹೆಲ್ಮುಟ್ ಶ್ಯೋನ್ ಅವರೂ ಅಲ್ಲಿದ್ದರು. ಆತಿಥೇಯರು ಮೇಜಿನ ಮೇಲಿದ್ದ ಟೇಪ್ ರೆಕಾರ್ಡರ್ ಚಾಲೂ ಮಾಡಿದರು. ಹಣಕ್ಕೆ ಪಂದ್ಯ ಬಿಟ್ಟುಕೊಡುವ ಬಗ್ಗೆ ಆಟಗಾರರು ಚೌಕಾಸಿ ಮಾಡುತ್ತಿದ್ದ ದನಿಗಳು ತೋಟದಲ್ಲಿ ಕೇಳಿಸಿದವು. 50ಕ್ಕೂ ಹೆಚ್ಚು ಆಟಗಾರರಿಗೆ ಶಿಕ್ಷೆಯಾಯಿತು. ಸಂಬಳದ ಮಿತಿಯೇ ಇಂಥ ಆಸೆಗೆ ನೀರೆರೆಯುತ್ತಿದೆ ಎಂಬುದು ಸ್ಪಷ್ಟವಾಗಿ, ನಂತರ ಆ ಮಿತಿಯನ್ನು ತೆಗೆದುಹಾಕಲಾಯಿತು.

ಇಂದು ಮೇಲಿನ ಲೀಗ್‌ನ ತಾರೆಗಳ ಗಳಿಕೆ ಸುದ್ದಿಯಾಗುತ್ತದೆ. ನಾಲ್ಕನೇ ಹಂತದಲ್ಲಿ ಮಾತ್ರ ಹಗಲು ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರು ಬಹಳ ಮಂದಿ. ಕ್ಲಬ್‌ಗಳು ಮುಳುಗುವುದೂ ಉಂಟು. ಎರಡೂ ದೇಶಗಳಲ್ಲಿ ಕ್ಲಬ್‌ಗಳು ಪ್ರತಿ ವರ್ಷ ಲೆಕ್ಕಪತ್ರ ತೋರಿಸಿ ಪರವಾನಗಿ ಪಡೆಯಬೇಕು. ಎಫ್‌ಸಿ ಟಿರೋಲ್ ಇನ್ಸ್‌ಬ್ರುಕ್ 2000ದಿಂದ ಸತತ ಮೂರು ಬಾರಿ ಆಸ್ಟ್ರಿಯಾದ ಚಾಂಪಿಯನ್. ಮೂರನೆಯದರ ಕೋಚ್, ಮುಂದೆ ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟ ಯೋವಾಖಿಮ್ ಲೋವ್. 2002ರಲ್ಲಿ ಪ್ರಶಸ್ತಿ ಗೆದ್ದ ಆ ಕ್ಲಬ್‌ಗೆ ಪರವಾನಗಿ ಸಿಗಲಿಲ್ಲ, ದಿವಾಳಿಯಾಯಿತು. ಪದಕ ಕೊರಳಿಗೆ ಬಿದ್ದ ಆಟಗಾರರೇ ಕೆಲಸ ಹುಡುಕಿಕೊಂಡು ಹೊರಟರು. 2020ರಲ್ಲಿ ಸ್ಥಳೀಯ ಬ್ಯಾಂಕೊಂದರ ಹಗರಣದೊಡನೆ ಮ್ಯಾಟರ್ಸ್‌ಬರ್ಗ್ ಕ್ಲಬ್ ಕುಸಿದಾಗಲೂ ಹೀಗೇ ಆಯಿತು.

ಗಾಯ, ಕೊನೆ ಮತ್ತು ಅದರ ಮುಂದಿನ ದಿನಗಳು

ಪಟ್ಟಿಯಲ್ಲಿ ಒಂದು ವರ್ಷದ ಎದುರು ಪಂದ್ಯಗಳ ಸಂಖ್ಯೆ ಎರಡೋ ಮೂರೋ ಇದ್ದರೆ ಹೆಚ್ಚಾಗಿ ಅಲ್ಲೊಂದು ಗಾಯವಿರುತ್ತದೆ. ಜರ್ಮನಿಯಲ್ಲಿ ಗಾಯಗೊಂಡವನಿಗೆ ಮೊದಲ ಆರು ವಾರ ಕ್ಲಬ್ ಪೂರ್ತಿ ಸಂಬಳ ಕೊಡುತ್ತದೆ. ಆಮೇಲೆ ನೌಕರರ ಕಡ್ಡಾಯ ಅಪಘಾತ ವಿಮೆಯಿಂದ ಹಣ ಬರುತ್ತದೆ. ಅದಕ್ಕೆ ಗರಿಷ್ಠ ಮಿತಿಯಿದೆ. ಆದ್ದರಿಂದ ಉಳಿದದ್ದನ್ನು ಕ್ಲಬ್ ತುಂಬಿಕೊಡಬೇಕೆಂದು ಅನೇಕರು ಒಪ್ಪಂದದಲ್ಲಿ ಬರೆಸಿಕೊಳ್ಳುತ್ತಾರೆ.

ಒಲಿವರ್ ಗ್ಲಾಸ್ನರ್ ಆಸ್ಟ್ರಿಯಾದ ರೀಡ್ ಎಂಬ ಸಣ್ಣ ಕ್ಲಬ್‌ನಲ್ಲೇ ಹೆಚ್ಚುಕಡಿಮೆ ತಮ್ಮ ಇಡೀ ವೃತ್ತಿಜೀವನ ಕಳೆದವರು. 2011ರಲ್ಲಿ ಬ್ರೋಂಡ್ಬಿ ವಿರುದ್ಧ ಯುರೋಪಿನ ಕ್ಲಬ್‌ಗಳ ಪಂದ್ಯಾವಳಿಯಾದ ಯುರೋಪಾ ಲೀಗ್‌ನ ಪಂದ್ಯಕ್ಕಾಗಿ ಡೆನ್ಮಾರ್ಕ್‌ಗೆ ಹೋಗಿದ್ದಾಗ ತಲೆಯ ಪೆಟ್ಟಿನಿಂದ ಮಿದುಳಿನ ಬಳಿ ರಕ್ತಸ್ರಾವವಾಗಿ ತುರ್ತು ಶಸ್ತ್ರಚಿಕಿತ್ಸೆ ನಡೆಯಿತು. ಜೀವ ಉಳಿಯಿತು, ಆಟ ಅಲ್ಲಿಗೇ ನಿಂತಿತು. ಆದರೆ ಗ್ಲಾಸ್ನರ್ ಆಡುತ್ತಿದ್ದಾಗಲೇ, ನಮ್ಮಲ್ಲಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದುವಂತೆ, ದೂರಶಿಕ್ಷಣದಲ್ಲಿ ವಾಣಿಜ್ಯ ಪದವಿ ಪಡೆದಿದ್ದರು. ಸಾಲ್ಜ್‌ಬರ್ಗ್‌ನಲ್ಲಿ ಸಹಾಯಕ ಕೋಚ್ ಆಗಿ ಆರಂಭಿಸಿ, 2022ರಲ್ಲಿ ಫ್ರಾಂಕ್‌ಫರ್ಟ್‌ಗೆ ಅದೇ ಯುರೋಪಾ ಲೀಗ್ ಗೆದ್ದುಕೊಟ್ಟರು.

ಹೆಚ್ಚಿನವರ ಕೊನೆ ಇಷ್ಟು ಎದ್ದು ಕಾಣುವುದಿಲ್ಲ. ಜೂನ್ 30ರಂದು ಒಪ್ಪಂದ ಮುಗಿಯುತ್ತದೆ, ಫೋನ್ ಬರುವುದಿಲ್ಲ, ಅಷ್ಟೆ. ಅಂಥವರಿಗಾಗಿ ಜರ್ಮನಿಯ ಆಟಗಾರರ ಸಂಘ 2003ರಿಂದ ಪ್ರತಿ ಬೇಸಿಗೆಯಲ್ಲೂ ಡ್ಯೂಸ್‌ಬರ್ಗ್‌ನಲ್ಲಿ ಒಂದು ಶಿಬಿರ ನಡೆಸುತ್ತದೆ. ಕ್ಲಬ್ ಇಲ್ಲದ ಆಟಗಾರರು ಅಲ್ಲಿ ಸೇರಿ ಕೋಚ್‌ಗಳ ಕೈಕೆಳಗೆ ಅಭ್ಯಾಸ ಮಾಡುತ್ತಾರೆ, ಲೀಗ್ ತಂಡಗಳ ಎದುರು ಸ್ನೇಹಪಂದ್ಯ ಆಡುತ್ತಾರೆ, ಆಟದ ನಂತರದ ಉದ್ಯೋಗದ ಬಗ್ಗೆ ಸಲಹೆ ಪಡೆಯುತ್ತಾರೆ. ನೂರು ಪಂದ್ಯ ಆಡಿದ ಅನುಭವಿಯ ಪಕ್ಕದಲ್ಲೇ ಎರಡನೇ ತಂಡದಿಂದ ಹೊರಬಿದ್ದ ಇಪ್ಪತ್ತರ ಹುಡುಗ ಬೂಟಿನ ದಾರ ಕಟ್ಟುತ್ತಾನೆ. ಯಾವುದೋ ಮೂರನೇ ಲೀಗ್ ತಂಡದ ಆಟಗಾರನ ಮಂಡಿಗೆ ಪೆಟ್ಟಾದರೆ ಇವರಲ್ಲೊಬ್ಬರ ಪಟ್ಟಿಗೆ ಇನ್ನೊಂದು ಸಾಲು ಸೇರುತ್ತದೆ.